ಹಳೆ 62.5 ಮೈಕ್ರಾನ್ ಫೈಬರ್‌ನಲ್ಲಿ 10ಜಿ: ಡಿಬಿ ಸರಿ ಇದ್ದರೂ ಸಿಆರ್‌ಸಿ ಎರರ್ ಯಾಕೆ?

ಚಾಕಣ್_ಶೆಡ್2

ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರದ ಚಾಕಣ್ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ, ಎರಡು ಶೆಡ್. ನಡುವೆ ಆರು ಕೋರ್‌ನ ಹಳೆ ಮಲ್ಟಿಮೋಡ್ ಕೇಬಲ್, ಕಪ್ಪು ಕವಚದ ಮೇಲೆ 62.5/125 ಅಂತ ಅಚ್ಚಿದೆ (ಕೋರ್ ಮತ್ತು ಹೊರಗಾಜಿನ ವ್ಯಾಸ, ಮೈಕ್ರಾನ್‌ನಲ್ಲಿ). ಉದ್ದ 190 ಮೀಟರ್. ಎರಡೂ ಕಡೆ ಎಲ್‌ಐಯುನಲ್ಲಿ (ಫೈಬರ್ ತುದಿ ಕೂರಿಸುವ ಪೆಟ್ಟಿಗೆ) ಎಸ್‌ಸಿ ಕನೆಕ್ಟರ್. 1000ಬೇಸ್-ಎಸ್‌ಎಕ್ಸ್, ಅಂದರೆ 1ಜಿ, ಇದರ ಮೇಲೆ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು.

ಈಗ ಸ್ವಿಚ್ ಬದಲಾಗಿದೆ, ಎರಡೂ ತುದಿಗೆ 10ಜಿ ಎಸ್‌ಆರ್ ಮಾಡ್ಯೂಲ್ (850 ನ್ಯಾನೋಮೀಟರ್ ಲೇಸರ್‌ನದು). ಲಿಂಕ್ ಮೇಲೇಳುತ್ತದೆ, ಸಣ್ಣ ಪಿಂಗ್ ಹೋಗುತ್ತದೆ, ಆದರೆ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಎಣಿಕೆ) ಏರುತ್ತಲೇ ಇರುತ್ತದೆ. ಲೋಡ್ ಬಿದ್ದರೆ ಲಿಂಕೇ ಬಿದ್ದು ಎದ್ದು ಮಾಡುತ್ತದೆ. ಮಾಡ್ಯೂಲಿನ ಡಿಒಎಂ (ಅದು ತಾನೇ ತೋರಿಸುವ ಬೆಳಕಿನ ಅಳತೆ) ಓದಿದರೆ ಒಂದು ಕಡೆಯ ಟಿಎಕ್ಸ್ (ಕಳಿಸುವ ಬೆಳಕು) -2.4 ಡಿಬಿಎಂ, ಇನ್ನೊಂದು ಕಡೆಯ ಆರ್‌ಎಕ್ಸ್ (ಬರುವ ಬೆಳಕು) -3.9. ಲೈಟ್ ಸೋರ್ಸ್ ಮತ್ತು ಪವರ್ ಮೀಟರ್ ಇಟ್ಟು 850 ನ್ಯಾನೋಮೀಟರ್‌ನಲ್ಲಿ ಅಳೆದಾಗ ನಷ್ಟ 1.3 ಡಿಬಿ. ಮಾಡ್ಯೂಲ್ ಅದಲುಬದಲು ಮಾಡಿದರೂ, ಬೇರೆ ಜೋಡಿ ಕೋರ್ ಹಿಡಿದರೂ ಅದೇ ಕತೆ. ಬೆಳಕು ಇಷ್ಟು ಚೆನ್ನಾಗಿ ತಲುಪುತ್ತಿರುವಾಗ ಎರರ್ ಎಲ್ಲಿಂದ?

ಕುರ್ಲಾ_ಕೇಬಲ್

ಮೊದಲು ಕನೆಕ್ಟರ್ ಸ್ವಚ್ಛ ಮಾಡಿ ಸರ್. ಶೆಡ್‌ನ ಎಲ್‌ಐಯು ಅಂದರೆ ಧೂಳು, ಕಟಿಂಗ್ ಆಯಿಲ್ ಎರಡೂ ಇರುತ್ತದೆ. ಸ್ಕೋಪ್ ಇಟ್ಟು ಫೆರೂಲ್ ಮುಖ ನೋಡದೆ ಮುಂದಕ್ಕೆ ಹೋಗಬೇಡಿ. ಒಣ ಕ್ಲೀನರ್ ಪೆನ್‌ನಲ್ಲಿ ಒಂದು ಸಲ ಒರೆಸಿ ನೋಡಿ. ಜಿಡ್ಡು ಹೋಗದಿದ್ದರೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಗಿಸಿ. ಅಡಾಪ್ಟರ್ ಒಳಗಿನ ಫೆರೂಲನ್ನೂ ಮರೆಯಬೇಡಿ. ಪ್ಯಾಚ್ ಕಾರ್ಡ್ ಯಾವುದು? 62.5ರದ್ದಾ, 50ರದ್ದಾ?

ಚಾಕಣ್_ಶೆಡ್2

ಸ್ಕೋಪ್‌ನಲ್ಲಿ ಮುಖಗಳು ಚೆನ್ನಾಗಿವೆ. ಪ್ಯಾಚ್ ಕಾರ್ಡ್ ಆಕ್ವಾ ಬಣ್ಣದ್ದು, ಓಎಂ3, ಅಂದರೆ 50ರದ್ದು, ಎಲ್‌ಸಿಯಿಂದ ಎಸ್‌ಸಿಗೆ. ಮಾಡ್ಯೂಲ್ ಜೊತೆಗೇ ತರಿಸಿದ್ದು.

ಮಾಟುಂಗಾ_ಮಲ್ಟಿಮೋಡ್

ಪ್ಯಾಚ್ ಕಾರ್ಡ್ ತಪ್ಪು, ಅದಕ್ಕೆ ಆಮೇಲೆ ಬರುತ್ತೇನೆ. ಅದನ್ನು ಸರಿಪಡಿಸಿದರೂ ಈ ಎರರ್ ಹೋಗುವುದಿಲ್ಲ. ನಿಮ್ಮ ಲಿಂಕಿಗೆ ಬೆಳಕಿನ ಕೊರತೆ ಇಲ್ಲ. 10ಜಿ ಎಸ್‌ಆರ್ ರಿಸೀವರ್ -9.9 ಡಿಬಿಎಂವರೆಗೆ ತೆಗೆದುಕೊಳ್ಳುತ್ತದೆ, ನಿಮಗೆ -3.9 ಬರುತ್ತಿದೆ. ಕೆಟ್ಟಿರುವುದು ಪಲ್ಸಿನ ಆಕಾರ. ಪವರ್ ಮೀಟರ್ ಸರಾಸರಿ ಬೆಳಕನ್ನು ಮಾತ್ರ ಅಳೆಯುತ್ತದೆ. ಪಕ್ಕಪಕ್ಕದ ಬಿಟ್‌ಗಳು ಒಂದರೊಳಗೊಂದು ಸೇರಿಹೋದರೂ ಸರಾಸರಿ ಬದಲಾಗುವುದಿಲ್ಲ, ಮೀಟರ್‌ಗೆ ಅದು ಗೊತ್ತೂ ಆಗುವುದಿಲ್ಲ.

62.5 ಮೈಕ್ರಾನ್ ಕೋರ್, ಎನ್‌ಎ (ಎಷ್ಟು ಓರೆಯಾಗಿ ಬಂದ ಬೆಳಕನ್ನು ಕೋರ್ ಹಿಡಿಯುತ್ತದೆ ಅನ್ನುವ ಅಳತೆ) 0.275. 850 ನ್ಯಾನೋಮೀಟರ್ ಬೆಳಕಿಗೆ ಇದರಲ್ಲಿ ಹೆಚ್ಚುಕಡಿಮೆ 1000 ಮೋಡ್‌ಗಳಿಗೆ, ಅಂದರೆ ಬೆಳಕು ಸಾಗುವ ಬೇರೆಬೇರೆ ಬಗೆಗಳಿಗೆ, ದಾರಿ ಇದೆ. 50 ಮೈಕ್ರಾನ್, ಎನ್‌ಎ 0.20 ಆದರೆ ಸುಮಾರು 340. ಪ್ರತಿಯೊಂದು ಮೋಡ್‌ಗೂ ಅದರದೇ ವೇಗ. ಕೋರ್ ಉದ್ದಗಲಕ್ಕೂ ವಕ್ರೀಭವನಾಂಕ ಒಂದೇ ಇದ್ದಿದ್ದರೆ, ಅಂದರೆ ಸ್ಟೆಪ್ ಇಂಡೆಕ್ಸ್ ಗಾಜಾಗಿದ್ದರೆ, ಎನ್‌ಎ 0.20 ಇಟ್ಟುಕೊಂಡು ಲೆಕ್ಕ ಹಾಕಿದಾಗ ಕಿಲೋಮೀಟರಿಗೆ 45 ನ್ಯಾನೋಸೆಕೆಂಡ್ ಹರಡಿಕೆ ಬರುತ್ತದೆ. ಬ್ಯಾಂಡ್‌ವಿಡ್ತ್ ಸುಮಾರು 10 ಮೆಗಾಹರ್ಟ್ಸ್·ಕಿಮೀ. ಯಾವ ಕೆಲಸಕ್ಕೂ ಬಾರದು. ಅದಕ್ಕೇ ಗ್ರೇಡೆಡ್ ಇಂಡೆಕ್ಸ್ ಬಂತು. ನಡುವೆ ವಕ್ರೀಭವನಾಂಕ ಜಾಸ್ತಿ, ಅಂಚಿಗೆ ಹೋದಂತೆ ಪ್ಯಾರಾಬೋಲಾ ಹಾದಿಯಲ್ಲಿ ಇಳಿಯುತ್ತದೆ. ಹೊರಗಿನ ದಾರಿ ಉದ್ದವಾದರೂ ಅಲ್ಲಿ ಬೆಳಕು ಬೇಗ ಓಡುವುದರಿಂದ ಎಲ್ಲ ಮೋಡ್‌ಗಳೂ ಹತ್ತಿರಹತ್ತಿರ ಒಟ್ಟಿಗೇ ತಲುಪುತ್ತವೆ. ಪ್ರೊಫೈಲ್ ಪರಿಪೂರ್ಣವಾಗಿದ್ದರೆ ಅದೇ ಫೈಬರ್‌ನಲ್ಲಿ ಹರಡಿಕೆ ಕಿಲೋಮೀಟರಿಗೆ 50 ಪಿಕೋಸೆಕೆಂಡ್ ಆಸುಪಾಸು. ಸುಮಾರು 900 ಪಟ್ಟು ಸುಧಾರಣೆ.

ಆದರೆ ಆ ಪ್ಯಾರಾಬೋಲಾ ಕೂದಲೆಳೆಯಷ್ಟು ತಪ್ಪಿದರೂ ಈ ಲಾಭ ಸೋರಿಹೋಗುತ್ತದೆ. ಓಎಂ1, ಓಎಂ2, ಓಎಂ3, ಓಎಂ4 ಎಂಬ ದರ್ಜೆಗಳ ಹಿಂದಿರುವ ಮುಖ್ಯ ಸಂಗತಿ ಇದೇ. ಗಾಜು ಅದೇ ಸಿಲಿಕಾ, ನಷ್ಟವೂ ಹೆಚ್ಚುಕಡಿಮೆ ಒಂದೇ. ಪ್ರೊಫೈಲ್ ಎಷ್ಟು ನಿಖರ ಅನ್ನುವುದೇ ವ್ಯತ್ಯಾಸ. 850 ನ್ಯಾನೋಮೀಟರ್‌ನಲ್ಲಿ ಓಎಂ1ಕ್ಕೆ (ನಿಮ್ಮ 62.5 ಇದೇ) 200 ಮೆಗಾಹರ್ಟ್ಸ್·ಕಿಮೀ, ಓಎಂ2ಕ್ಕೆ 500, ಓಎಂ3ಕ್ಕೆ ಲೇಸರ್ ಲೆಕ್ಕದಲ್ಲಿ 2000, ಓಎಂ4ಕ್ಕೆ 4700.

ಈಗ ನಿಮ್ಮ 190 ಮೀಟರ್. 200ನ್ನು 0.19ರಿಂದ ಭಾಗಿಸಿದರೆ 1050 ಮೆಗಾಹರ್ಟ್ಸ್. 10ಜಿ ಎಸ್‌ಆರ್ ಸಾಲಿನ ವೇಗ 10.3125 ಗಿಗಾಬಾಡ್, ಅದಕ್ಕೆ ಸುಮಾರು 6 ಗಿಗಾಹರ್ಟ್ಸ್ ಬೇಕು. ನಿಮ್ಮ ಕೈಲಿರುವುದು ಅದರ ಆರನೇ ಒಂದು ಪಾಲು. ಒಂದು ಬಿಟ್‌ನ ಅವಧಿ 97 ಪಿಕೋಸೆಕೆಂಡ್ ಇರುವಾಗ ಪಲ್ಸ್ 400 ಪಿಕೋಸೆಕೆಂಡ್ ಹರಡಿದರೆ ರಿಸೀವರ್ ಏನನ್ನು ಓದಬೇಕು?

ಎಸ್‌ಎಕ್ಸ್ ಯಾಕೆ ಓಡುತ್ತಿತ್ತು ಅನ್ನುವುದಕ್ಕೂ ಇದೇ ಲೆಕ್ಕ. ಅದರ ವೇಗ 1.25 ಗಿಗಾಬಾಡ್. 1998ರ 802.3ಝಡ್ ಮಾನದಂಡದಲ್ಲಿ 200ರ ಫೈಬರ್‌ಗೆ 275 ಮೀಟರ್ ಕೊಟ್ಟಿದ್ದಾರೆ, ನಿಮ್ಮದು ಅದರೊಳಗೆ ಬರುತ್ತದೆ. 10ಜಿ ಎಸ್‌ಆರ್‌ಗೆ ಅದೇ ಫೈಬರ್‌ನಲ್ಲಿ 33 ಮೀಟರ್. ನೂರಾ ತೊಂಬತ್ತೆಲ್ಲಿ, ಮೂವತ್ತಮೂರೆಲ್ಲಿ!

ಕುರ್ಲಾ_ಕೇಬಲ್

ಲೆಕ್ಕ ಒಪ್ಪಿದೆ. ಆದರೆ 1050 ಮೆಗಾಹರ್ಟ್ಸ್ ಮಾತ್ರ ಇದ್ದರೆ ಲಿಂಕ್ ಏಳಲೇಬಾರದಿತ್ತಲ್ಲ? ಪಿಂಗ್ ಹೇಗೆ ಹೋಗುತ್ತಿದೆ?

ಮಾಟುಂಗಾ_ಮಲ್ಟಿಮೋಡ್

ಒಳ್ಳೆ ಪ್ರಶ್ನೆ. ಓಎಂ1ರ 200 ಅನ್ನುವುದು ಎಲ್‌ಇಡಿ ಕಾಲದ ಅಂಕಿ, ಕೋರನ್ನು ಪೂರ್ತಿ ತುಂಬಿಸಿ ಅಳೆದದ್ದು. ಎಲ್‌ಇಡಿ ಎಲ್ಲ ಮೋಡ್‌ಗಳಿಗೂ ಬೆಳಕು ಹಂಚುತ್ತದೆ. ಎಸ್‌ಆರ್ ಮಾಡ್ಯೂಲಿನಲ್ಲಿರುವ ವಿಸಿಎಸ್‌ಇಎಲ್ ಲೇಸರ್‌ನ ಚುಕ್ಕೆ ಸಣ್ಣದು, ಕೆಲವೇ ಮೋಡ್ ಗುಂಪುಗಳಿಗೆ ಬೆಳಕು ಹೋಗುತ್ತದೆ. ಆ ಗುಂಪುಗಳ ವೇಗ ಅದೃಷ್ಟಕ್ಕೆ ಹೊಂದಿಕೊಂಡರೆ 200ಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ, ಹೊಂದದಿದ್ದರೆ ಕಡಿಮೆಯೂ ಆಗುತ್ತದೆ. ಹಳೆ ಫೈಬರ್ ತಯಾರಿಕೆಯಲ್ಲಿ ಪ್ರೀಫಾರ್ಮ್ (ಫೈಬರ್ ಎಳೆಯುವ ಮೂಲ ಗಾಜಿನ ಕಡ್ಡಿ) ಕುಗ್ಗಿಸುವಾಗ ನಟ್ಟನಡುವಿನ ಡೋಪಂಟ್ (ವಕ್ರೀಭವನಾಂಕ ಏರಿಸಲು ಬೆರೆಸಿದ ವಸ್ತು) ಆವಿಯಾಗಿ ವಕ್ರೀಭವನಾಂಕದಲ್ಲಿ ಒಂದು ಕುಳಿ ಉಳಿಯುತ್ತಿತ್ತು. ಎಲ್‌ಇಡಿಗೆ ಆ ಕುಳಿ ಲೆಕ್ಕಕ್ಕಿಲ್ಲ. ಲೇಸರ್ ನೇರ ಅದರ ಮೇಲೇ ಬಿದ್ದರೆ ಒಂದು ಪಲ್ಸ್ ಹೋಗಿ ಎರಡಾಗಿ ಹೊರಬರುತ್ತದೆ. ಇದಕ್ಕೆ ಡಿಎಂಡಿ ಅನ್ನುತ್ತಾರೆ, ಡಿಫರೆನ್ಷಿಯಲ್ ಮೋಡ್ ಡಿಲೇ.

ಹಾಗಾಗಿ ಓಎಂ1 ಮೇಲೆ ಎಸ್‌ಆರ್ ಹಾಕಿದಾಗ ಒಂದು ಕೋರ್ ಏಳುತ್ತದೆ, ಇನ್ನೊಂದು ಏಳುವುದಿಲ್ಲ. ಇವತ್ತು ಓಡಿದ್ದು ಪ್ಯಾಚ್ ಕಾರ್ಡ್ ಅಲ್ಲಾಡಿಸಿದರೆ ನಾಳೆ ಬೀಳುತ್ತದೆ, ಏಕೆಂದರೆ ಕನೆಕ್ಟರ್ ಜೋಡಣೆ ಒಂದೆರಡು ಮೈಕ್ರಾನ್ ಸರಿದರೂ ಮೋಡ್‌ಗಳ ಹಂಚಿಕೆ ಬದಲಾಗುತ್ತದೆ. ಪಿಂಗ್ ಹೋಗುತ್ತಿದೆ ಎಂಬುದನ್ನು ನಂಬಿ ಪ್ರೊಡಕ್ಷನ್ ಲೋಡ್ ಹಾಕಬೇಡಿ.

ಚಾಕಣ್_ಶೆಡ್2

ಓಟಿಡಿಆರ್ ಬಾಡಿಗೆಗೆ ತಂದು ಅಳೆದರೆ ಈ ಕೇಬಲ್‌ನ ನಿಜವಾದ ಬ್ಯಾಂಡ್‌ವಿಡ್ತ್ ಗೊತ್ತಾಗುತ್ತದಾ? 200ಕ್ಕಿಂತ ಚೆನ್ನಾಗಿದ್ದರೆ ಮ್ಯಾನೇಜ್‌ಮೆಂಟಿಗೆ ತೋರಿಸಬಹುದು.

ಐರೋಲಿ_ರ‍್ಯಾಕ್

ಇಲ್ಲ ಸರ್. ಓಟಿಡಿಆರ್ ಉದ್ದ, ನಷ್ಟ, ಜಾಯಿಂಟ್, ಬಾಗು ತೋರಿಸುತ್ತದೆ. ಮೋಡಲ್ ಬ್ಯಾಂಡ್‌ವಿಡ್ತ್ ತೋರಿಸುವುದಿಲ್ಲ. ಫೈಬರ್ ಫ್ಯಾಕ್ಟರಿಯಲ್ಲಿ ಸಿಂಗಲ್ ಮೋಡ್ ಪ್ರೋಬ್‌ನಿಂದ ಕೋರ್ ಮೇಲೆ ಒಂದೊಂದೇ ಮೈಕ್ರಾನ್ ಸರಿಸುತ್ತಾ ಸಣ್ಣ ಪಲ್ಸ್ ಬಿಟ್ಟು ಅಳೆಯುತ್ತಾರೆ. ಓಎಂ3, ಓಎಂ4 ಅಂಕಿಗಳು ಆ ಅಳತೆಯಿಂದ ಬಂದವು. ಸೈಟಿನಲ್ಲಿ ಅದನ್ನು ಮಾಡಲಾಗದು. ಸೈಟಿನ ಸರ್ಟಿಫಿಕೇಶನ್ ಅಂದರೆ ಉದ್ದ ಮತ್ತು ಡಿಬಿ ಅಷ್ಟೇ. ದರ್ಜೆಯನ್ನು ಕವಚದ ಅಚ್ಚು ಓದಿಯೇ ತಿಳಿಯಬೇಕು.

ಆದರೂ ಓಟಿಡಿಆರ್ ತರಿಸಿದರೆ ಒಂದು ಉಪಯೋಗ ಇದೆ. ಲಾಂಚ್ ಕಾರ್ಡ್ 100 ಮೀಟರ್‌ನದು ಹಾಕಿ, 850 ಮತ್ತು 1300 ಎರಡರಲ್ಲೂ, ಎರಡೂ ತುದಿಯಿಂದ ನೋಡಿ. ಯಾರಾದರೂ ನಡುವೆ 50 ಮೈಕ್ರಾನ್ ತುಂಡು ಸೇರಿಸಿ ರಿಪೇರಿ ಮಾಡಿದ್ದರೆ ಆ ಜಾಯಿಂಟ್ ಒಂದು ಕಡೆಯಿಂದ ದೊಡ್ಡ ನಷ್ಟದಂತೆ, ಇನ್ನೊಂದು ಕಡೆಯಿಂದ ಬೆಳಕು ಹೆಚ್ಚಾದಂತೆ ಕಾಣುತ್ತದೆ. ಹಳೆ ಸೈಟ್‌ಗಳಲ್ಲಿ ಇದು ಅಪರೂಪವಲ್ಲ. ಓಎಂ1, ಓಎಂ2 ಎರಡರ ಒಳಕವಚವೂ ಕಿತ್ತಳೆಯೇ, ಬಣ್ಣ ನೋಡಿ ಜೋಡಿಸಿಬಿಡುತ್ತಾರೆ.

ಮಾಟುಂಗಾ_ಮಲ್ಟಿಮೋಡ್

ಪ್ಯಾಚ್ ಕಾರ್ಡ್ ವಿಷಯ ಬಾಕಿ ಇತ್ತು. 50ರಿಂದ 62.5ಕ್ಕೆ ಬೆಳಕು ಹೋಗುವಾಗ ತೊಂದರೆ ಇಲ್ಲ. 62.5ರಿಂದ 50ಕ್ಕೆ ಬರುವಾಗ ಕೋರ್ ಪೂರ್ತಿ ತುಂಬಿದ್ದರೆ ವ್ಯಾಸದ ಲೆಕ್ಕಕ್ಕೆ 1.9 ಡಿಬಿ, ಎನ್‌ಎ ಲೆಕ್ಕಕ್ಕೆ 2.8, ಒಟ್ಟು 4.7 ಡಿಬಿವರೆಗೆ ಹೋಗಬಹುದು. ವಿಸಿಎಸ್‌ಇಎಲ್ ಕೋರ್ ಪೂರ್ತಿ ತುಂಬುವುದಿಲ್ಲವಾದ್ದರಿಂದ ನಿಮ್ಮಲ್ಲಿ ಅಷ್ಟು ಕಾಣುತ್ತಿಲ್ಲ. ಆದರೂ ಟ್ರಂಕ್ (ಶೆಡ್‌ಗಳ ನಡುವಿನ ಮುಖ್ಯ ಕೇಬಲ್) 62.5 ಆದರೆ ಕಾರ್ಡ್ ಕೂಡ 62.5 ಇರಲಿ. ಓಎಂ3 ಕಾರ್ಡ್ ಹಾಕಿದರೆ ಓಎಂ1 ಟ್ರಂಕ್ ಸುಧಾರಿಸುತ್ತದೆ ಅನ್ನುವ ನಂಬಿಕೆ ಮುಂಬೈ ಮಾರ್ಕೆಟ್ಟಿನಲ್ಲಿ ಬಲವಾಗಿದೆ. ಅದರಲ್ಲಿ ಹುರುಳಿಲ್ಲ.

ಹಿಂಜವಡಿ_ಹುಬ್ಬಳ್ಳಿ

ಇಲ್ಲಿತನಕ ಯಾಕ ಬರವಲ್ತು ಅನ್ನೋದು ಆತು. ಈಗ ಏನ್ ಮಾಡಬೇಕು ಅನ್ನೋದು ಹೇಳೂಣ್ರಿ.

ಅದ ಕೇಬಲ್ ಇಟ್ಕೊಂಡ 10ಜಿ ಬೇಕಂದ್ರ ಮಾನದಂಡದಾಗ ಒಂದು ಹಾದಿ ಐತಿ: 10ಜಿಬೇಸ್-ಎಲ್‌ಆರ್‌ಎಂ. 2006ರಾಗ ಬಂದದ್ದು, ಇಂಥಾ ಹಳೇ ಫೈಬರ್ ಸಲುವಾಗೇ ಮಾಡ್ಯಾರ. 1310 ನ್ಯಾನೋಮೀಟರ್, 62.5 ಮ್ಯಾಲೆ 220 ಮೀಟರ್. ನಿಮ್ದು 190, ಒಳಗ ಬರ್ತೈತಿ. ಆ ತರಂಗಾಂತರಕ್ಕ ಓಎಂ1ದ ಬ್ಯಾಂಡ್‌ವಿಡ್ತ್ 500 ಐತಿ, 220 ಮೀಟರಿಗೆ ಲೆಕ್ಕ ಹಾಕಿದ್ರ 2.3 ಗಿಗಾಹರ್ಟ್ಸ್ ಬರ್ತೈತಿ. ಅದೂ ಸಾಲಂಗಿಲ್ಲ. ಉಳಿದದ್ದನ್ನ ರಿಸೀವರ್ ಕಡೆ ಇಡಿಸಿ ಅನ್ನೋ ಚಿಪ್ ಸರಿ ಮಾಡ್ತೈತಿ. ಹರಡಿದ ಪಲ್ಸನ್ನ ಎಲೆಕ್ಟ್ರಾನಿಕ್ ಆಗಿ ಬಿಡಿಸಿ ಓದೋದು.

ತಗೊಳ್ಳೂಕಿಂತ ಮೊದಲ ಇವು ನೋಡ್ಕೋರಿ:

ಸ್ವಿಚ್ ಪೋರ್ಟ್ ಎಲ್‌ಆರ್‌ಎಂ ತಗೋತೈತೇನು ಅಂತ ಡೇಟಾಶೀಟ್ ನೋಡ್ರಿ. ಎಸ್‌ಎಫ್‌ಪಿ+ ಬಗೀ ಮಾಡ್ಯೂಲಿದ್ರ ಇಡಿಸಿ ಹೆಚ್ಚಾಗಿ ಸ್ವಿಚ್ಚಿನ ಒಳಗ ಇರ್ತೈತಿ, ಮಾಡ್ಯೂಲಿನಾಗ ಇರಂಗಿಲ್ಲ. ಭಾಳ ಸ್ವಿಚ್ಚಿನಾಗ ಅದು ಇರೂದ ಇಲ್ಲ. ಮಾಡ್ಯೂಲ್ ಗುರುತು ಹಿಡೀತು ಅಂದ್ರ ಲಿಂಕ್ ಬರ್ತೈತಿ ಅಂತ ತಿಳಕೋಬ್ಯಾಡ್ರಿ.

ಮೋಡ್ ಕಂಡೀಷನಿಂಗ್ ಕಾರ್ಡ್ ಎರಡೂ ತುದಿಗೆ ಬೇಕು, 62.5 ಅಂತ ಬರದದ್ದ ಬೇಕು. ಈ ಕಾರ್ಡಿನಾಗ ಟಿಎಕ್ಸ್ ಕಾಲು ಸಿಂಗಲ್ ಮೋಡ್, ಹಳದಿ. ಅದನ್ನ ಮಲ್ಟಿಮೋಡ್ ಕೋರಿಗೆ ನಡುಮಧ್ಯ ಬಿಟ್ಟು ಬಾಜೂಕ ಸರಿಸಿ ಜೋಡಿಸಿರ್ತಾರ. 62.5ಕ್ಕ 17ರಿಂದ 23 ಮೈಕ್ರಾನ್, 50ಕ್ಕ 10ರಿಂದ 16. ಮಾಟುಂಗಾ ಸರ್ ಹೇಳಿದ ಆ ನಡುವಿನ ಕುಳಿ ತಪ್ಪಿಸೂದಕ್ಕ ಈ ಸರಿಸೋಣ. ಹಳದಿ ಕಾಲು ಮಾಡ್ಯೂಲಿನ ಟಿಎಕ್ಸ್‌ಗೆ ಹೋಗಬೇಕು. ಉಲ್ಟಾ ಹಾಕಿದ್ರಿ ಅಂದ್ರ ರಿಸೀವ್ ಬೆಳಕು ಮಲ್ಟಿಮೋಡ್‌ನಿಂದ ಸಿಂಗಲ್ ಮೋಡ್ ಕೋರಿಗೆ ಹೊಗಬೇಕಾಗ್ತೈತಿ, 15 ಡಿಬಿ ಮ್ಯಾಲೆ ಹೋಗಿಬಿಡ್ತೈತಿ.

ನಷ್ಟ 1300 ನ್ಯಾನೋಮೀಟರ್‌ನಾಗ ಅಳೀರಿ, 1.9 ಡಿಬಿ ಒಳಗ ಇರಬೇಕು. ಕಂಡೀಷನಿಂಗ್ ಕಾರ್ಡ್ ಹಾಕಿದ ಮ್ಯಾಲೂ ಎರರ್ ಬಂದ್ರ ಅದನ್ನ ತಗದು ಸಾದಾ 62.5 ಕಾರ್ಡ್ ಹಾಕಿ ನೋಡ್ರಿ. ಕೆಲವು ಕೋರಿಗೆ ನಡುಮಧ್ಯದ ಬೆಳಕ ಚಲೋ ಆಗ್ತೈತಿ, ಮಾನದಂಡದಾಗೂ ಎರಡೂ ಬಗೀ ಲಾಂಚಿಗೆ ಅವಕಾಶ ಐತಿ. ಈ ಕಾರ್ಡನ್ನ ಎಸ್‌ಆರ್, ಎಸ್‌ಎಕ್ಸ್ ಮಾಡ್ಯೂಲಿಗೆ ಮಾತ್ರ ಹಾಕಬ್ಯಾಡ್ರಿ. ಅದು 1300 ಲೇಸರ್ ಸಲುವಾಗಿ ಮಾಡಿದ್ದು.

ಕುರ್ಲಾ_ಕೇಬಲ್

ಸಿಂಗಲ್ ಮೋಡ್‌ಗೆ ಮಾಡಿದ 10ಜಿ ಎಲ್‌ಆರ್ ಮಾಡ್ಯೂಲನ್ನೇ ಈ ಹಳೆ ಫೈಬರ್ ಮೇಲೆ ಹಾಕಿ ಓಡಿಸುವವರಿದ್ದಾರೆ. ಕಡಿಮೆ ದೂರದಲ್ಲಿ ಎದ್ದೂ ಏಳುತ್ತದೆ.

ಹಿಂಜವಡಿ_ಹುಬ್ಬಳ್ಳಿ

ಏಳ್ತೈತಿ, ಆದ್ರ ಬ್ಯಾಡ್ರಿ. ಅದರಾಗ ಇಡಿಸಿ ಇಲ್ಲ. ಲೇಸರ್ ನಡುಮಧ್ಯ ಬೀಳ್ತೈತಿ, ಆ ಕೋರಿನ ಪ್ರೊಫೈಲ್ ಹೆಂಗೈತಿ ಅನ್ನೋದರ ಮ್ಯಾಲೆ ನಿಂತಿರ್ತೈತಿ. 190 ಮೀಟರಿಗೆ ಯಾವ ಮಾನದಂಡದ ಬೆಂಬಲಾನೂ ಇಲ್ಲ. ಶಿಫ್ಟ್ ನಡಕ್ಕ ಲಿಂಕ್ ಬಿದ್ರ ಯಾರಿಗೆ ಕೇಳ್ತೀರಿ?

ಚಾಕಣ್_ಶೆಡ್2

ಸ್ವಿಚ್ಚಿನ ಪಟ್ಟಿ ನೋಡಿದೆ. ಎಸ್‌ಆರ್, ಎಲ್‌ಆರ್, ಇಆರ್ ಇವೆ, ಎಲ್‌ಆರ್‌ಎಂ ಇಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು. ಹೊಸ ಕೇಬಲ್ ಅನಿವಾರ್ಯ ಅಂದರೆ, ಎಸ್‌ಆರ್ ಮಾಡ್ಯೂಲ್‌ಗಳು ಈಗಾಗಲೇ ಕೈಯಲ್ಲಿರುವುದರಿಂದ ಓಎಂ4 ಎಳೆಸೋಣ ಅಂತ ಯೋಚನೆ. 4700 ಅಂದರೆ 10ಜಿಗೆ 700 ಮೀಟರ್ ಬರಬೇಕಲ್ಲ? ಮೂರನೇ ಶೆಡ್ ಸುಮಾರು 450 ಮೀಟರ್ ದೂರದಲ್ಲಿದೆ, ಅದಕ್ಕೂ ಅದೇ ಆಗಬಹುದು.

ಐರೋಲಿ_ರ‍್ಯಾಕ್

ಇಲ್ಲೇ ಬಹಳ ಜನ ಎಡವುವುದು, ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಎಸ್‌ಆರ್ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿ. ಓಎಂ1: 33 ಮೀಟರ್, ಅಲ್ಲಿ ಉಳಿಯುವ ಬ್ಯಾಂಡ್‌ವಿಡ್ತ್ 6.1 ಗಿಗಾಹರ್ಟ್ಸ್. ಓಎಂ2: 82 ಮೀಟರ್, 6.1. ಓಎಂ3: 300 ಮೀಟರ್, 6.7. ಮೂರೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ, ಏಕೆಂದರೆ ಅಲ್ಲೆಲ್ಲ ಮೋಡಲ್ ಹರಡಿಕೆಯೇ ತಡೆಗೋಡೆ. ಓಎಂ4ಕ್ಕೆ ಬಂದರೆ 400 ಮೀಟರ್, ಅಲ್ಲಿ 11.75 ಗಿಗಾಹರ್ಟ್ಸ್ ಇನ್ನೂ ಉಳಿದಿದೆ. ಬ್ಯಾಂಡ್‌ವಿಡ್ತ್ ಇದ್ದರೂ ದೂರ ಕೊಟ್ಟಿಲ್ಲ. ಯಾಕೆ?

ಏಕೆಂದರೆ ಅಷ್ಟು ಹೊತ್ತಿಗೆ ಬೇರೆ ಎರಡು ತಡೆಗಳು ಎದುರಾಗುತ್ತವೆ. ಒಂದು ಕ್ರೊಮ್ಯಾಟಿಕ್ ಹರಡಿಕೆ, ಅಂದರೆ ಬಣ್ಣಬಣ್ಣದ ಬೆಳಕಿನ ವೇಗ ಬೇರೆಬೇರೆ ಇರುವುದರಿಂದ ಆಗುವ ಹರಡಿಕೆ. 850ರ ಹತ್ತಿರ ಸಿಲಿಕಾದಲ್ಲಿ ಅದು ಕಿಲೋಮೀಟರಿಗೆ, ಒಂದು ನ್ಯಾನೋಮೀಟರ್ ಅಗಲಕ್ಕೆ, ಸುಮಾರು 100 ಪಿಕೋಸೆಕೆಂಡ್. ವಿಸಿಎಸ್‌ಇಎಲ್ ಒಂದೇ ಬಣ್ಣದ ಬೆಳಕಲ್ಲ. ಅದರ ಆರ್‌ಎಂಎಸ್ ಅಗಲ 0.45 ನ್ಯಾನೋಮೀಟರ್ ಅಂತ ಹಿಡಿದರೆ 400 ಮೀಟರಿಗೆ 18 ಪಿಕೋಸೆಕೆಂಡ್ ಆರ್‌ಎಂಎಸ್. ಅರ್ಧ ಎತ್ತರದಲ್ಲಿ ಪಲ್ಸಿನ ಅಗಲಕ್ಕೆ ಪರಿವರ್ತಿಸಿದರೆ 42. ಬಿಟ್ ಅವಧಿ 97 ಇರುವಾಗ ಇದು ಸಣ್ಣ ಮೊತ್ತವಲ್ಲ. ಓಎಂ4 ಪ್ರೊಫೈಲ್ ಎಷ್ಟೇ ನಿಖರವಾಗಿರಲಿ, ಇದನ್ನು ಸರಿಪಡಿಸಲು ಆಗುವುದಿಲ್ಲ. ಇದು ಗಾಜು ಮತ್ತು ಲೇಸರ್ ನಡುವಿನ ವ್ಯವಹಾರ. ಎರಡನೆಯದು ನಷ್ಟ: 850ರಲ್ಲಿ ಕಿಲೋಮೀಟರಿಗೆ 3 ಡಿಬಿ. ಓಎಂ4ರ ಮೇಲೆ ಎಸ್‌ಆರ್‌ನ ಚಾನಲ್ ಬಜೆಟ್ ಒಟ್ಟು 2.9 ಡಿಬಿ. 400 ಮೀಟರ್ ಫೈಬರೇ 1.2 ತಿಂದರೆ ಕನೆಕ್ಟರ್‌ಗಳಿಗೆ ಉಳಿಯುವುದು 1.7.

ಹಾಗಾಗಿ 4700ನ್ನು 2000ರಿಂದ ಭಾಗಿಸಿ ದೂರ ಹಿಗ್ಗಿಸುವ ಲೆಕ್ಕ ಹಾಕಬೇಡಿ. ಮೂರನೇ ಶೆಡ್‌ನ 450 ಮೀಟರ್ ಓಎಂ4 ಮೇಲೆ ಮಾನದಂಡದ ಹೊರಗಿದೆ.

ವೆರ್ಣಾ_ಸ್ಪ್ಲೈಸರ್

190 ಮೀಟರಿಗೂ ಓಎಂ4 ಬೇಡ ಮಾರಾಯ್ರೆ. ಇವತ್ತು 10ಜಿ ಓಡುತ್ತದೆ ಸರಿ. ನಾಳೆ 25ಜಿ ಅಂದರೆ ಓಎಂ4ರಲ್ಲಿ 100 ಮೀಟರ್, ಓಎಂ3ರಲ್ಲಿ 70. ಮತ್ತೆ ಡಕ್ಟ್ ತೆರೆಯಬೇಕು. ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಕೇಬಲ್‌ಗೆ ಓಎಸ್2 ಸಿಂಗಲ್ ಮೋಡ್ ಹಾಕಿ, 12 ಕೋರ್. ಫೈಬರ್ ದರವೂ ಓಎಂ4ಗಿಂತ ಕಡಿಮೆ. 10ಜಿ ಎಲ್‌ಆರ್‌ಗೆ 10 ಕಿಲೋಮೀಟರ್ ಬರುತ್ತದೆ, ನಿಮ್ಮ ಮೂರನೇ ಶೆಡ್ ಲೆಕ್ಕಕ್ಕೇ ಇಲ್ಲ. ಕೈಲಿರುವ ಎಸ್‌ಆರ್ ಮಾಡ್ಯೂಲ್ ಸರ್ವರ್ ರ‍್ಯಾಕ್ ಒಳಗೆ ಓಎಂ3 ಕಾರ್ಡ್ ಜೊತೆ ಬಳಸಿ, ವ್ಯರ್ಥವಾಗುವುದಿಲ್ಲ.

190 ಮೀಟರಿಗೆ ಎಲ್‌ಆರ್ ಬೆಳಕು ಜಾಸ್ತಿಯಾಗಿ ರಿಸೀವರ್ ಸುಟ್ಟೀತು ಎಂಬ ಹೆದರಿಕೆ ಬೇಡ. ಅದರ ಟಿಎಕ್ಸ್ ಗರಿಷ್ಠ +0.5 ಡಿಬಿಎಂ, ಆರ್‌ಎಕ್ಸ್ ಗರಿಷ್ಠವೂ +0.5. ಅಟೆನ್ಯುಯೇಟರ್ ಬೇಡ. ಆದರೆ ಇನ್ನೂ ದೂರಕ್ಕೆ ಮಾಡಿದ ಇಆರ್ ಮಾಡ್ಯೂಲ್ ತರಬೇಡಿ. ಅದರ ಟಿಎಕ್ಸ್ +4 ಡಿಬಿಎಂವರೆಗೆ ಹೋಗುತ್ತದೆ, ರಿಸೀವರ್ ತಡೆಯುವುದು -1.

ಎಳೆಯುವ ಕೆಲಸ ಮಳೆಗಾಲಕ್ಕೆ ಮುಂಚೆ ಮುಗಿಸಿ. ಕೊಂಕಣದಲ್ಲಾದರೂ ಚಾಕಣ್‌ನಲ್ಲಾದರೂ ಜೂನ್ ನಂತರ ಚೇಂಬರ್ ತುಂಬ ನೀರು. ನೀರಿನೊಳಗಿನ ಕೇಬಲ್ ಕೆಡುವುದಕ್ಕಿಂತ ಕೆಸರಲ್ಲಿ ಮಾಡಿದ ಜಾಯಿಂಟ್ ಕೆಡುವುದೇ ಹೆಚ್ಚು. 190 ಮೀಟರಿಗೆ ನಡುವೆ ಜಾಯಿಂಟ್ ಬೇಡವೇ ಬೇಡ, ಒಂದೇ ತುಂಡು ತರಿಸಿ. 40/33 ಎಚ್‌ಡಿಪಿಇ ಡಕ್ಟ್ ಇದ್ದರೆ ಮೊದಲು ಹಗ್ಗ ಎಳೆದು ದಾರಿ ಸಾಫ್ ಇದೆಯೇ ನೋಡಿ. ಕೇಬಲ್ ಎಳೆಯುವಾಗ ಹಗ್ಗವನ್ನು ಕವಚಕ್ಕೆ ಕಟ್ಟಬೇಡಿ, ನಡುವಿನ ಬಲದ ಕಡ್ಡಿ ಮತ್ತು ಅರಾಮಿಡ್ ನೂಲಿಗೆ ಕಟ್ಟಿ. ಕವಚಕ್ಕೆ ಕಟ್ಟಿ ಎಳೆದರೆ ಕವಚ ಹಿಗ್ಗುತ್ತದೆ, ಎಳೆತ ಬಿಟ್ಟಾಗ ಹಿಂದೆ ಸರಿದು ಒಳಗಿನ ಫೈಬರ್ ಸುಕ್ಕಾಗುತ್ತದೆ. ಎಳೆಯುವಾಗ ಬಾಗಿನ ತ್ರಿಜ್ಯ ಕೇಬಲ್ ವ್ಯಾಸದ 20 ಪಟ್ಟು, ಕೂರಿಸಿದ ಮೇಲೆ 10 ಪಟ್ಟು. ಎರಡೂ ತುದಿಯಲ್ಲಿ 10 ಮೀಟರ್ ಸುರುಳಿ ಬಿಡಿ.

ಇಲಿ ಕಾಟ ಇರುತ್ತದೆ, ಆರ್ಮರ್ಡ್ ಬೇಕು. ಉಕ್ಕಿನ ಪಟ್ಟಿಯ ಆರ್ಮರ್ ಹಾಕಿದರೆ ಎರಡು ಶೆಡ್‌ಗಳ ನಡುವೆ ಲೋಹ ಹೋದಂತಾಗುತ್ತದೆ. ಸಿಡಿಲು, ಅರ್ತ್ ವ್ಯತ್ಯಾಸ ಎರಡೂ ಅದರ ಮೂಲಕ ಒಳಗೆ ಬರುತ್ತವೆ. ಹಾಗೆ ಹಾಕಿದರೆ ಪ್ರವೇಶದಲ್ಲೇ ಅರ್ತ್ ಮಾಡಿ. ಇಲ್ಲವಾದರೆ ಗ್ಲಾಸ್ ನೂಲು ಅಥವಾ ಎಫ್‌ಆರ್‌ಪಿ ಆರ್ಮರ್ ತರಿಸಿ, ಆ ತಲೆನೋವೇ ಇಲ್ಲ.

ಇನ್ನೊಂದು ಮುಖ್ಯ ಸಂಗತಿ. ಲೋಕಲ್ ಸ್ಪ್ಲೈಸಿಂಗ್ ಹುಡುಗರು ಮನೆ ಇಂಟರ್ನೆಟ್ ಕೆಲಸಕ್ಕೆ ಹಸಿರು ಎಪಿಸಿ ಪಿಗ್‌ಟೇಲ್ (ಒಂದು ತುದಿಗೆ ಕನೆಕ್ಟರ್ ಇರುವ ಫೈಬರ್ ತುಂಡು) ಇಟ್ಟುಕೊಂಡಿರುತ್ತಾರೆ, ಅದನ್ನೇ ಹಾಕಿಬಿಡುತ್ತಾರೆ. ಎಲ್‌ಆರ್ ಮಾಡ್ಯೂಲಿಗೆ ಎಲ್‌ಸಿ ಯುಪಿಸಿ ಬೇಕು, ನೀಲಿ ಬಣ್ಣದ್ದು. ಎಪಿಸಿಯ ಮುಖ 8 ಡಿಗ್ರಿ ಓರೆ. ಯುಪಿಸಿಗೆ ಒತ್ತಿದರೆ ನಡುವೆ ಸಂದು ಉಳಿದು ನಷ್ಟವಾಗುತ್ತದೆ, ಮುಖವೂ ಗೀರಾಗುತ್ತದೆ. ಕಾರ್ಯಾದೇಶದಲ್ಲಿ ಪಿಗ್‌ಟೇಲ್ ಬಣ್ಣ ಬರೆದೇ ಕೊಡಿ.

ಕುರ್ಲಾ_ಕೇಬಲ್

ಸ್ಪ್ಲೈಸ್ (ಫೈಬರ್ ಬೆಸುಗೆ) ಒಂದಕ್ಕೆ 0.1 ಡಿಬಿ ಒಳಗೆ ಕೇಳಿ. ಒಪ್ಪಿಕೊಳ್ಳುವ ಮುಂಚೆ 1310 ಮತ್ತು 1550 ಎರಡರಲ್ಲೂ ಓಟಿಡಿಆರ್ ಟ್ರೇಸ್ ತೆಗೆಸಿ. 1550ರಲ್ಲಿ ಮಾತ್ರ ಜಾಸ್ತಿ ನಷ್ಟ ಕಂಡರೆ ಎಲ್ಲೋ ಬಾಗಿದೆ ಅಂತ ಅರ್ಥ. ಸಾಮಾನ್ಯವಾಗಿ ಎಲ್‌ಐಯು ಟ್ರೇ ಒಳಗೇ ಇರುತ್ತದೆ, ಸುತ್ತು ಬಿಗಿಯಾಗಿರುತ್ತದೆ. 190 ಮೀಟರ್ ಗಾಜಿನ ನಷ್ಟ 0.1 ಡಿಬಿಯೂ ಬರದು. ಉಳಿದದ್ದೆಲ್ಲ ಕನೆಕ್ಟರ್ ಮತ್ತು ಸ್ಪ್ಲೈಸ್.

ಹಿಂಜವಡಿ_ಹುಬ್ಬಳ್ಳಿ

ಹೊಸಾ ಕೇಬಲ್ ಬರೂತನಕ ಆರು ಕೋರ್ ಐತಲ್ರಿ, ಮೂರು ಜೋಡಿ ಆತು. ಮೂರಕ್ಕೂ ಎಸ್‌ಎಕ್ಸ್ ಹಾಕಿ ಎಲ್‌ಎಸಿಪಿ ಮಾಡ್ರಿ, ಅಂದ್ರ ಮೂರೂ ಲಿಂಕ್ ಕೂಡಿಸಿ ಒಂದ ಮಾಡೂದು, 3 ಗಿಗಾ ಸಿಗ್ತೈತಿ. ಹ್ಯಾಶ್ (ಯಾವ ಟ್ರಾಫಿಕ್ ಯಾವ ಲಿಂಕಿಗೆ ಅನ್ನೋ ಹಂಚಿಕಿ) ಐಪಿ ಮತ್ತ ಪೋರ್ಟ್ ಮ್ಯಾಲೆ ಇಡ್ರಿ, ಬರೇ ಮ್ಯಾಕ್ ಮ್ಯಾಲೆ ಇಟ್ರ ಎಲ್ಲಾ ಟ್ರಾಫಿಕ್ ಒಂದ ಲಿಂಕಿಗೆ ಹೋಗ್ತೈತಿ. ಒಂದು ಬ್ಯಾಕಪ್ ಜಾಬ್ ಮಾತ್ರ ಹೆಂಗ ಮಾಡಿದ್ರೂ 1 ಗಿಗಾ ದಾಟಂಗಿಲ್ಲ, ಅದನ್ನ ನಾಕು ಸ್ಟ್ರೀಮ್ ಮಾಡಿ ಒಡೀರಿ.

ಅಂದಂಗ, ದೇಶದಾಗ ಲೋಕಲ್ ಜಂಕ್ಷನ್ನಿಗೆ (ಟೆಲಿಫೋನ್ ಎಕ್ಸ್‌ಚೇಂಜ್‌ಗಳ ನಡುವಿನ ಲೈನಿಗೆ) ಮೊದಲನೇ ಆಪ್ಟಿಕಲ್ ಫೈಬರ್ ವ್ಯವಸ್ಥೆ ಶುರು ಆಗಿದ್ದು 1979ರಾಗ, ನಮ್ಮ ಪುಣೆದಾಗ. ಅದ ಊರ ಬಾಜೂಕ ನಾವು ಇನ್ನೂ ಹಳೇ ಗಾಜಿನ ಲೆಕ್ಕ ಹಾಕಾಕತ್ತೇವಿ.

ಚಾಕಣ್_ಶೆಡ್2

ಓಎಸ್2 12 ಕೋರ್‌ಗೆ ಅಂದಾಜು ಕೇಳಿದ್ದೇನೆ, ಎಪಿಸಿ ವಿಷಯ ಬರೆದು ಕೊಡುತ್ತೇನೆ. ಎಲ್‌ಎಸಿಪಿ ಇವತ್ತೇ ಮಾಡಿಸುತ್ತೇನೆ. ಒಂದು ಕೊನೆ ಅನುಮಾನ. ವೆಂಡರ್ ಒಬ್ಬರು ಓಎಂ5 ಹಾಕಿ, ಅದು ಎಲ್ಲಕ್ಕಿಂತ ಹೊಸದು, ನೂರು ಗಿಗಾಕ್ಕೂ ಸಾಕು ಅನ್ನುತ್ತಿದ್ದಾರೆ. ಅದಕ್ಕೇನು ಉತ್ತರ?

ಐರೋಲಿ_ರ‍್ಯಾಕ್

ಓಎಂ5ರ 850ರ ಅಂಕಿ ಓಎಂ4ರಷ್ಟೇ, 4700. ಹೆಚ್ಚಿಗೆ ಇರುವುದು 953 ನ್ಯಾನೋಮೀಟರ್‌ನಲ್ಲಿ 2470 ಎಂಬ ಖಾತ್ರಿ. ಒಂದೇ ಫೈಬರ್‌ನಲ್ಲಿ ಎರಡು ಅಥವಾ ನಾಲ್ಕು ತರಂಗಾಂತರ ಕಳಿಸುವ ಮಾಡ್ಯೂಲ್ ಇದ್ದರೆ ಮಾತ್ರ ಅದರ ಲಾಭ. 40ಜಿ ಎಸ್‌ಡಬ್ಲ್ಯುಡಿಎಂ4ಕ್ಕೆ ಓಎಂ4ರಲ್ಲಿ 350 ಮೀಟರ್, ಓಎಂ5ರಲ್ಲಿ 440. ನಿಮ್ಮ ಎಸ್‌ಆರ್ ಬಳಸುವುದು 850 ಒಂದನ್ನೇ, ಅದಕ್ಕೆ ಓಎಂ5ರಿಂದ ಒಂದು ಮೀಟರ್ ಕೂಡ ಜಾಸ್ತಿ ಸಿಗುವುದಿಲ್ಲ.

ಮಲ್ಟಿಮೋಡ್ ಕೆಟ್ಟದ್ದು ಅಂತ ನನ್ನ ಮಾತಿನ ಅರ್ಥವಲ್ಲ. ಐರೋಲಿ, ಮಹಾಪೆಯ ಡೇಟಾ ಸೆಂಟರ್ ಹಾಲ್‌ಗಳಲ್ಲಿ ರ‍್ಯಾಕ್‌ನಿಂದ ರ‍್ಯಾಕ್‌ಗೆ 30–40 ಮೀಟರ್, ಅಲ್ಲಿ ಓಎಂ4 ಸರಿಯಾದ ಆಯ್ಕೆ. ಆದರೆ ಪ್ರತಿ ಹೊಸ ವೇಗಕ್ಕೂ ದೂರ ಮತ್ತು ಬಜೆಟ್ ಮತ್ತೆ ಓದಬೇಕು. 40ಜಿ ಎಸ್‌ಆರ್4 ಓಎಂ4ರಲ್ಲಿ 150 ಮೀಟರ್, ಒಟ್ಟು ನಷ್ಟ 1.5 ಡಿಬಿ. 100ಜಿ ಎಸ್‌ಆರ್4 ಅದೇ ಎಂಪಿಓ (ಹಲವು ಫೈಬರ್ ಒಟ್ಟಿಗೇ ಕೂಡಿಸುವ ಕನೆಕ್ಟರ್) ಟ್ರಂಕ್ ಮೇಲೆ 100 ಮೀಟರ್, 1.9 ಡಿಬಿ. 120 ಮೀಟರ್‌ನ ಟ್ರಂಕ್ ಹಾಕಿ 40ಜಿ ಓಡಿಸಿದವರು 100ಜಿಗೆ ಹೋದಾಗ ಹೊರಗೆ ಬಿದ್ದಿರುತ್ತಾರೆ. ನಡುವೆ ಎರಡು ಕ್ಯಾಸೆಟ್ ಸೇರಿಸಿದ್ದರೆ ದೂರ ಸರಿ ಇದ್ದರೂ ನಷ್ಟ ದಾಟುತ್ತದೆ. ಮಾಡ್ಯೂಲಿನ ಎಂಪಿಓ ಸಾಕೆಟ್ಟಿನಲ್ಲಿ ಪಿನ್ ಇರುತ್ತದೆ, ಕಾರ್ಡ್ ಕಡೆ ಪಿನ್ ಇರಬಾರದು. ಪಿನ್‌ಗೆ ಪಿನ್ ಒತ್ತಿದರೆ ಎರಡೂ ಹಾಳು.

ನಿಮ್ಮ ವೆಂಡರ್‌ಗೆ ಒಂದೇ ಪ್ರಶ್ನೆ ಕೇಳಿ: 450 ಮೀಟರಿಗೆ, ನಮ್ಮ ಸ್ವಿಚ್ಚಿನ ಪಟ್ಟಿಯಲ್ಲಿರುವ ಯಾವ ಮಾಡ್ಯೂಲ್, ಯಾವ ಮಾನದಂಡದ ಪ್ರಕಾರ? ಬರಹದಲ್ಲಿ ಕೊಡಲಿ.

ಮಾಟುಂಗಾ_ಮಲ್ಟಿಮೋಡ್

ಓಎಸ್2 ಬಂದ ಮೇಲೆ ಹಳೆ ಆರು ಕೋರ್ ಕಿತ್ತು ಹಾಕಬೇಡಿ. ಕ್ಯಾಮೆರಾ, ಆಕ್ಸೆಸ್ ಕಂಟ್ರೋಲ್, ಪಿಎಲ್‌ಸಿ ಲಿಂಕಿಗೆ 1ಜಿ ಎಸ್‌ಎಕ್ಸ್ ಅದರ ಮೇಲೆ ಚೆನ್ನಾಗಿ ಓಡುತ್ತದೆ. ಆದರೆ ಹೊಸ ಎಲ್‌ಐಯು, ಹಳೆ ಎಲ್‌ಐಯು ಒಂದೇ ರ‍್ಯಾಕ್‌ನಲ್ಲಿ ಕೂರುತ್ತವೆ. ಹಳೆಯದರ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ: 62.5 ಓಎಂ1, 190 ಮೀಟರ್, 1ಜಿ ಮಾತ್ರ. ಹೊಸದಕ್ಕೆ ನೀಲಿ ಎಲ್‌ಸಿ ಅಡಾಪ್ಟರ್, ಹಳೆಯದಕ್ಕೆ ಬೀಜ್ ಎಸ್‌ಸಿ ಹಾಗೇ ಇರಲಿ. ಕನೆಕ್ಟರ್ ಜಾತಿ ಬೇರೆ ಇದ್ದರೆ ರಾತ್ರಿ ಪಾಳಿಯವರು ಅವಸರದಲ್ಲಿ ತಪ್ಪು ಪ್ಯಾನೆಲ್ಲಿಗೆ ಚುಚ್ಚುವುದು ಅರ್ಧಕ್ಕರ್ಧ ತಪ್ಪುತ್ತದೆ. ಆಕ್ವಾ ಕಾರ್ಡ್‌ಗಳನ್ನು ಇವತ್ತೇ ತೆಗೆದು 62.5ರ ಕಿತ್ತಳೆ ಕಾರ್ಡ್ ಹಾಕಿ, ಎಲ್‌ಎಸಿಪಿ ಏರಿಸುವ ಮುಂಚೆ ಮೂರೂ ಜೋಡಿಯ ಎರರ್ ಕೌಂಟರ್ ಸೊನ್ನೆ ಮಾಡಿ, ಒಂದು ಪೂರ್ತಿ ಶಿಫ್ಟ್ ಲೋಡ್ ಕೊಟ್ಟು ನೋಡಿ.